ಒತ್ತೆ ಆನೆ: ಬಾಯಿ ಸೀಳಿದ ಗಂಟೆ

"ಇಲ್ಲೊಂದು ಸಹಿ ಹಾಕಿ ವಕೀಲ್ರೇ. ಆಮೇಲಿಂದು ನನ್ನ ಕೆಲ್ಸ."

ರೇಂಜರ್ ಸಾಹೇಬರು ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲಿಟ್ಟರು. ಅವರ ಬಂದೂಕು ಅದೇ ಜೀಪಿನ ಹಿಂಭಾಗಕ್ಕೆ ಒರಗಿತ್ತು.

ವಕೀಲ ವಾಸಪ್ಪನವರು ಪೆನ್ನು ತೆಗೆಯಲಿಲ್ಲ. ಕರಿ ಕೋಟಿನ ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ಆನೆಯನ್ನೇ ನೋಡುತ್ತ ನಿಂತರು. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆಯಾಗಿತ್ತು. ಆನೆ ನೋಡಿ ಅಲ್ಲ, ಆ ಕಾಗದ ನೋಡಿ.

ಹೊಸನಗರದ ಆಚೆ, ಅಣೆಕಟ್ಟಿನ ಮುಳುಗಡೆಯ ಹೊಸ ನೀರು ಏರಿ ಬಂದು ನಿಂತ ಅಂಚಿನಲ್ಲಿ, ಮರದ ದಿಮ್ಮಿ ಒಟ್ಟುವ ಆ ನಾಟಾ ಡಿಪೋ. ಹಲಸಿನ ಮರಕ್ಕೆ ಹಿಂಗಾಲಿನ ಸರಪಳಿ ಬಿಗಿದುಕೊಂಡು ರಾಮಭದ್ರ ನಿಂತಿದ್ದ. ತಲೆ ತೂಗಿದಾಗಲೆಲ್ಲ ಅವನ ಕೊರಳಲ್ಲಿ ಗಂಟೆ ಟಕ್ ಟಕ್ ಎನ್ನುತ್ತಿತ್ತು. ಕಂಚಿನ ಗಂಟೆಯ ಬಾಯಿ ಸೀಳಿದರೆ ಹಾಗೇ, ನಾದ ಹೋಗಿ ಸದ್ದು ಮಾತ್ರ ಉಳಿಯುತ್ತದೆ.

ಸ್ವಲ್ಪ ದೂರದಲ್ಲಿ, ಕಡಿದು ಒಟ್ಟಿದ ದಿಮ್ಮಿಗಳ ನಡುವೆ, ಚಾಪೆಯಡಿ ಮಾವುತ ದುಗ್ಗಪ್ಪನ ಹೆಣವಿತ್ತು. ಹೆಂಡತಿ ಹೂವಮ್ಮ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ ಎಂದು ಕೂಲಿಯಾಳುಗಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದರು. ಜನಕ್ಕೆ ಅತ್ತರೂ ತಪ್ಪು, ಅಳದಿದ್ದರೂ ತಪ್ಪು.

ಪೊಲೀಸರು ಡಾಕ್ಟರನ್ನು ಕರೆತರಲು ಹೋಗಿದ್ದರು. ಅಷ್ಟರಲ್ಲಿ ಆನೆಯ ಲೆಕ್ಕ ಚುಕ್ತಾ ಮಾಡಿಬಿಡಬೇಕು ಎಂಬ ಅವಸರ ಡಿಪೋದ ಲೆಕ್ಕ ಬರೆಯುವ ರೈಟರ್ ಶಂಭುವಿನದು. ನಸುಕಿನಲ್ಲೇ ಸೈಕಲ್ ತುಳಿದು ಹೋಗಿ ರೇಂಜರನ್ನು ಎಬ್ಬಿಸಿ ತಂದವನು ಅವನೇ. ಆನೆಗೆ ಮದ ಬಂದಿದೆ, ದುಗ್ಗಪ್ಪನನ್ನು ಸೊಂಡಿಲಲ್ಲಿ ಎತ್ತಿ ದಿಮ್ಮಿಗೆ ಅಪ್ಪಳಿಸಿದೆ, ಇನ್ನು ಬಿಟ್ಟರೆ ಸುತ್ತಲಿನ ಊರಿಗೆ ಉಳಿಗಾಲವಿಲ್ಲ ಎಂದು ಬಂದವರಿಗೆಲ್ಲ ಒಂದೇ ಪಾಠ ಒಪ್ಪಿಸುತ್ತಿದ್ದ.

ಆನೆಗೆ ಗುಂಡು ಹಾಕಲು ವಕೀಲರ ಸಹಿ ಯಾಕೆ ಎಂದರೆ, ರಾಮಭದ್ರ ಈಗ ಯಾರ ಆನೆಯೂ ಅಲ್ಲ, ಕೋರ್ಟಿನ ಆನೆ. ಅವನ ಧಣಿ, ನಾಟಾ ಕಂಟ್ರಾಕ್ಟರ್ ಮಂಜುನಾಥಪ್ಪ, ಗಣೇಶನ ಹಬ್ಬದ ಹೊತ್ತಿಗೆ ಜೀಪಿನ ಸಮೇತ ಹೊಸ ನೀರಿಗೆ ಬಿದ್ದ. ನೀರಿಗಿಳಿದ ಗಾಲಿಯ ಗುರುತು ಕಂಡಿತು, ಒಂದು ಚಪ್ಪಲಿ ತೇಲಿತು. ಜೀಪು ಸಿಗಲಿಲ್ಲ, ಹೆಣ ಸಿಗಲಿಲ್ಲ. ಎದ್ದು ಬಂದವರು ಸಾಲ ಕೊಟ್ಟವರು ಮಾತ್ರ. ಒಂದೇ ಆನೆಯನ್ನು ಇಬ್ಬರು ತಮ್ಮ ಒತ್ತೆ ಎಂದಾಗ ಸಾಗರದ ಕೋರ್ಟು ಕಂಗಾಲಾಯಿತು. ಎಮ್ಮೆ, ಗಾಡಿ, ಹಿತ್ತಾಳೆ ಹಂಡೆ ಜಪ್ತಿ ಮಾಡಿ ಗೊತ್ತಿದ್ದ ಕೋರ್ಟು, ಆನೆ ಕಟ್ಟಲು ಜಾಗವಿಲ್ಲದೆ ಅದನ್ನು ವಾಸಪ್ಪನವರ ಹೆಸರಿಗೆ ಕಟ್ಟಿತು. ತೀರ್ಪು ಬರುವವರೆಗೆ ಆನೆಯ ಪ್ರಾಣಕ್ಕೆ ಅವರು ಹೊಣೆ.

"ಸಹಿ ಎಲ್ಲಿಗೂ ಓಡಿ ಹೋಗಲ್ಲ. ಮೊದ್ಲು ಆ ಗಂಟೆ ನೋಡ್ತೀನಿ" ಎಂದು ವಾಸಪ್ಪನವರು ಹೊರಟರು.

ಈ ಕಡೆ ಆನೆ ಒತ್ತೆ ಇಡುವುದಕ್ಕೊಂದು ಪದ್ಧತಿ ಇತ್ತು. ಕಾಗದ ಎಷ್ಟಾದರೂ ಬರೆಯಿರಿ, ಸಾಲ ಕೊಟ್ಟವರು ಆನೆಗೆ ಬೆಲ್ಲ ತಿನ್ನಿಸಿ, ತಮ್ಮ ಗಂಟೆಯನ್ನು ಅದರ ಕೊರಳಿಗೆ ಕಟ್ಟಿಸಬೇಕು. ಆಮೇಲೆಯೇ ಆನೆ ಅವರ ಕೈಗೆ ಬಂತು ಎಂದು ಅರ್ಥ. ಅಂದಿನಿಂದ ಮಾವುತನ ಸಂಬಳ, ಆನೆಯ ಮೇವು ಅವರದು. ಆ ಗಂಟೆಯ ಸದ್ದು ಕೇಳಿದವರು, ಈ ಆನೆಯ ಮೇಲೆ ಇನ್ನು ನಾವು ದುಡ್ಡು ಕೊಟ್ಟರೆ ಹಿಂದೆ ನಿಲ್ಲಬೇಕಾಗುತ್ತದೆ ಎಂದು ತಿಳಿದುಕೊಳ್ಳುತ್ತಿದ್ದರು. ಜಮೀನಿಗೆ ರಿಜಿಸ್ಟರ್ ಕಚೇರಿ ಇದ್ದಂತೆ ಆನೆಗೆ ಅದರ ಕೊರಳು.

ಮೊದಲು ಗಂಟೆ ಕಟ್ಟಿಸಿದವರು ಸಾಗರದ ಸಾಹುಕಾರ್ ಸುಬ್ಬಪ್ಪ. ಆನೆ ಎಂದರೆ ಪ್ರಾಣಭಯ. ಬೆಲ್ಲದ ಉಂಡೆಯನ್ನು ಉದ್ದದ ಬಿದಿರಿನ ತುದಿಗೆ ಸಿಕ್ಕಿಸಿ ತಿನ್ನಿಸಿದ ಪುಣ್ಯಾತ್ಮ. ಈ ಬೇಸಿಗೆಯಲ್ಲಿ ಮುಳುಗಡೆ ಕಾಡಿನ ಮರ ಎಳೆಸಲು ಮಂಜುನಾಥಪ್ಪ ಆನೆಯನ್ನು ಕೆಲಸಕ್ಕೆಂದು ಕೇಳಿದಾಗ, ಮೇವಿನ ಖರ್ಚು ಉಳಿಯಿತೆಂದು ಕಳಿಸಿಕೊಟ್ಟರು. ಗಂಟೆ ಮಾತ್ರ ಬಿಚ್ಚಬೇಡ ಎಂದಿದ್ದರಂತೆ. ಅಷ್ಟರಲ್ಲೇ ತೀರ್ಥಹಳ್ಳಿಯ ವರದಮ್ಮ ಬಂದು, ಬೆಲ್ಲ ತಿನ್ನಿಸಿ, ತಮ್ಮ ಗಂಟೆ ಕಟ್ಟಿಸಿ, ಇನ್ನೊಂದು ಸಾಲ ಕೊಟ್ಟಿದ್ದರು.

ವರದಮ್ಮ ಬಂದ ದಿನ ಸುಬ್ಬಪ್ಪನ ಗಂಟೆ ಆನೆಯ ಕೊರಳಲ್ಲಿ ಇತ್ತೇ, ಇಲ್ಲವೇ? ಇಲ್ಲದಿದ್ದರೆ ಆಕೆ ಅರಿಯದೆ ಕೊಟ್ಟವಳು, ಆನೆ ಆಕೆಯ ಕೈಯಲ್ಲಿ ಭದ್ರ. ಇದ್ದರೆ, ತಿಳಿದೂ ಕೊಟ್ಟವಳು, ಸುಬ್ಬಪ್ಪನ ಹಿಂದೆ. ಇಡೀ ಮೊಕದ್ದಮೆ ನಿಂತಿದ್ದು ಇದೊಂದೇ ಪ್ರಶ್ನೆಯ ಮೇಲೆ. ಉತ್ತರ ಹೇಳಬೇಕಾದ ದುಗ್ಗಪ್ಪ ಸೋಮವಾರ ಸಾಗರಕ್ಕೆ ಬರುವವನಿದ್ದ. ಇವತ್ತು ಶನಿವಾರ, ಅವನು ಚಾಪೆಯ ಕೆಳಗಿದ್ದ.

ನಿನ್ನೆ ಸಂಜೆಯವರೆಗೆ ರಾಮಭದ್ರನ ಕೊರಳಲ್ಲಿದ್ದದ್ದು ವರದಮ್ಮನ ಹೊಸ ಗಂಟೆ. ಬೆಳಗಾಗುವಷ್ಟರಲ್ಲಿ ಅದು ಮಾಯ. ಬೇಸಿಗೆಯಿಂದ ಯಾರ ಕಣ್ಣಿಗೂ ಬೀಳದಿದ್ದ ಸುಬ್ಬಪ್ಪನ ಸೀಳು ಗಂಟೆ ಅಲ್ಲಿ ಬಂದು ಕೂತಿತ್ತು.

ವಾಸಪ್ಪನವರು ಹತ್ತಿರ ಬರುತ್ತಲೇ ಹೂವಮ್ಮ ಎದ್ದು ಬಂದು ಆನೆಯ ಸೊಂಡಿಲ ಮೇಲೆ ಕೈಯಿಟ್ಟಳು. ರಾಮಭದ್ರ ಕಿವಿ ಬೀಸುತ್ತ ಸುಮ್ಮನೆ ನಿಂತ. ಅವನ ಕೆನ್ನೆಯ ಮೇಲೆ ಮದದ ಸೋರಿಕೆ ಇರಲಿಲ್ಲ. ದಂತಕ್ಕೆ ಹತ್ತಿದ್ದ ಕೆಸರು ಒಣಗಿ ಬಿರಿದಿತ್ತು, ರಕ್ತದ ಒಂದು ಹನಿಯೂ ಕಾಣಲಿಲ್ಲ.

"ಅಂಕುಶ ಎಲ್ಲಿ?" ಎಂದು ಕೇಳಿದರು.

"ಗುಡಿಸ್ಲು ಸೂರಲ್ಲಿ ಸಿಕ್ಸಿದ್ದು ಹಾಗೇ ಉಂಟು" ಎಂದಳು ಹೂವಮ್ಮ. "ಅದಿಲ್ದೆ ನಮ್ಮನೆಯವ್ರು ಒಂದು ದಿನ ಇವ್ನ ಹತ್ರ ಬಂದವರಲ್ಲ ಅಯ್ಯಾ. ನಿನ್ನೆ ರಾತ್ರಿ ಹೋಗಿದ್ದು ಆನೆ ಹತ್ರ ಅಲ್ಲ, ಯಾರೋ ಕರೆದ್ರು ಅಂತ ಎದ್ದು ಹೋದ್ರು. ಗೊತ್ತಿದ್ದವ್ರೇ ಕರೆದಿರ್ಬೇಕು. ಮೈಮೇಲೆ ಕಂಬಳಿ ಕೂಡ ಹಾಕ್ಕೊಳ್ಳಿಲ್ಲ."

ಆನೆಯ ಮುಂಗಾಲಿನ ಬಳಿ ಇರುವೆಗಳು ಸಾಲುಗಟ್ಟಿದ್ದವು. ವಾಸಪ್ಪನವರು ಬಗ್ಗಿ ನೋಡಿದರು. ಬಾಳೆ ಎಲೆಯ ಹಸಿ ಚೂರು, ಅದಕ್ಕೆ ಮೆತ್ತಿದ ಬೆಲ್ಲ. ನೀನು ಕೊಟ್ಟೆಯಾ ಎಂದು ಕೇಳಿದ್ದಕ್ಕೆ ಹೂವಮ್ಮ ತಲೆಯಾಡಿಸಿ ಇಲ್ಲವೆಂದಳು. ತಿಂಗಳಿಂದ ಬೆಲ್ಲದ ಮುಖ ನೋಡಿಲ್ಲ, ಕೋರ್ಟಿನ ಭತ್ಯೆ ಹುಲ್ಲಿಗೇ ಸಾಲದು ಎಂದಳು. ಅದು ವಾಸಪ್ಪನವರಿಗೆ ನಾಟಿತು. ಆ ಭತ್ಯೆ ಗೊತ್ತು ಮಾಡಿದವರು ಅವರೇ.

ತಲೆ ಎತ್ತಿದಾಗ ಗಂಟೆಯ ಹಗ್ಗ ಕಣ್ಣಿಗೆ ಬಿತ್ತು. ಹೊಸ ಹಗ್ಗ. ಗಂಟು ಕೊರಳ ಕೆಳಗೆ, ಗಂಟಲಿಗೆ ಸರಿಯಾಗಿ ಇತ್ತು. ಮಾವುತ ಆನೆಯ ಹೆಗಲೇರಿ ಕೂತು ಕಟ್ಟುತ್ತಾನೆ. ಗಂಟು ಹಿಂಗತ್ತಿನ ಮೇಲೆ ಬರಬೇಕು. ಇದನ್ನು ಕಟ್ಟಿದವನು ನೆಲದ ಮೇಲೆ ನಿಂತು, ದಂತಗಳ ನಡುವೆ ತಲೆ ತೂರಿಸಿ, ಎರಡೂ ಕೈ ಎತ್ತಿ ಕಟ್ಟಿದ್ದ. ಅಲ್ಲಿ ನಿಂತವನನ್ನು ಆನೆ ಬೇಕೆಂದರೆ ಎಲೆ ಅಡಿಕೆ ಜಗಿದಷ್ಟು ಸಲೀಸಾಗಿ ಮುಗಿಸಬಹುದು.

"ಇವ್ನ ಗಂಟಲ ಕೆಳಗೆ ಯಾರು ನಿಲ್ಲಬಹುದು ಹೂವಮ್ಮ?"

"ಇದ್ದವರಲ್ಲಿ ನಾನೊಬ್ಳೇ" ಎಂದಳು.

ಬೆನ್ನ ಹಿಂದೆ ಶಂಭು ಕೆಮ್ಮಿದ. ಅವನು ಯಾವಾಗ ಬಂದು ನಿಂತನೋ ಗೊತ್ತಾಗಿರಲಿಲ್ಲ. ಕೇಳಿಸಿಕೊಂಡಿರಲ್ಲ ಎಂಬಂತೆ ರೇಂಜರ್ ಕಡೆ ನೋಡಿ, ಗಂಡ ಹೆಂಡಿರ ನಡುವೆ ಜಗಳವಿತ್ತು ಎಂದು ಊರವರು ಹೇಳುತ್ತಾರೆ, ಆನೆಯನ್ನು ಛೂ ಬಿಡಲು ಅವಳಿಗೆ ಎಷ್ಟು ಹೊತ್ತು ಎಂದು ಮೆಲ್ಲಗೆ ಸೇರಿಸಿದ. ಅರ್ಧ ಗಳಿಗೆಯ ಹಿಂದೆ ಮದ ಬಂದು ಕೊಂದ ಆನೆ, ಈಗ ಹೇಳಿಸಿಕೊಂಡು ಕೊಂದ ಆನೆಯಾಯಿತು. ಕೂಲಿಯಾಳುಗಳು ಹೂವಮ್ಮನಿಂದ ಒಂದು ಹೆಜ್ಜೆ ದೂರ ಸರಿದರು.

ಅವಳು ಅವರನ್ನು ನೋಡಲಿಲ್ಲ. "ಇವ್ನಿಗೆ ಗುಂಡು ಹಾಕಿದ್ರೆ ನಮ್ಮನೆಯವ್ರನ್ನ ಕೊಂದವ್ರು ಗೆದ್ರು ಅಯ್ಯಾ" ಎಂದು ಮಾತ್ರ ಹೇಳಿದಳು. ಆಗ ಅವಳ ಕಣ್ಣು ತುಂಬಿ ಬಂತು.

ವಾಸಪ್ಪನವರ ತಲೆಯಲ್ಲಿ ಒಂದು ವಿಷಯ ಕೊರೆಯುತ್ತಿತ್ತು. ಗಂಟೆ ನೋಡಿದವರೆಲ್ಲ ಸುಬ್ಬಪ್ಪನ ಹೆಸರು ಹೇಳುತ್ತಾರೆ, ಹೇಳಲಿ ಎಂದೇ ಯಾರೋ ಅದನ್ನು ಕಟ್ಟಿದ್ದಾರೆ. ಬಿದಿರಿನ ತುದಿಯಿಂದ ಬೆಲ್ಲ ಕೊಟ್ಟ ಮನುಷ್ಯ ದಂತದ ನಡುವೆ ತಲೆ ತೂರಿಸುತ್ತಾನೆಯೇ? ಇನ್ನೊಂದು ಮಾತು. ಸುದ್ದಿ ತಿಳಿದೊಡನೆ ಸುಬ್ಬಪ್ಪ ಸಾಗರದ ಬಸ್ ಸ್ಟ್ಯಾಂಡಿಗೇ ಓಡಿ ಬಂದು, ಆನೆಗೆ ಏನೂ ಆಗಬಾರದು ಎಂದು ವಾಸಪ್ಪನವರ ಕೈ ಹಿಡಿದಿದ್ದರು. ವರದಮ್ಮನಂತೂ ತೀರ್ಥಹಳ್ಳಿಯಿಂದ ಕಾರು ಮಾಡಿಕೊಂಡು ಬಂದು, ಅಗೋ, ಆ ಕಡೆ ದಿಮ್ಮಿಯ ಮೇಲೆ ಕೊಡೆ ಬಿಡಿಸಿಕೊಂಡು ಕೂತಿದ್ದರು. ಸಾಲ ಕೊಟ್ಟವರು ಒತ್ತೆಯನ್ನು ಕೊಲ್ಲುವುದಿಲ್ಲ. ಆನೆ ಸಾಯಲಿ ಎಂದು ತುದಿಗಾಲಲ್ಲಿ ನಿಂತವನು ಒಬ್ಬನೇ, ಆನೆಯ ಮೇಲೆ ಮೂರು ಕಾಸಿನ ಹಕ್ಕಿಲ್ಲದ ಶಂಭು. ಅವನು ಯಾರ ಪರವಾಗಿ ಅವಸರ ಮಾಡುತ್ತಿದ್ದಾನೆ?

ಅದು ತಿಳಿಯಬೇಕಾದರೆ ಈ ಗಂಟೆ ಇಷ್ಟು ದಿನ ಯಾರ ಬಳಿ ಇತ್ತು ಎಂದು ತಿಳಿಯಬೇಕು. ಅದನ್ನು ಕೊನೆಯ ಸಲ ಕಂಡವರು ಯಾರೆಂದು ವಾಸಪ್ಪನವರಿಗೆ ಅನುಮಾನವಿತ್ತು. ಅವರು ನೇರವಾಗಿ ಕೊಡೆಯ ಕಡೆ ನಡೆದರು.

ವರದಮ್ಮ ಗಂಡ ಸತ್ತ ಮೇಲೆ ಒಂಟಿಯಾಗಿ ಲೇವಾದೇವಿ ನಡೆಸಿ ತೀರ್ಥಹಳ್ಳಿಯ ಗಂಡಸರನ್ನು ಮೂಲೆಗೆ ಕೂರಿಸಿದ ಹೆಂಗಸು. ಕೂತಲ್ಲಿಂದ ಏಳಲಿಲ್ಲ.

"ಅಮ್ಮಾ, ನೀವು ಬೆಲ್ಲ ತಿನ್ನಿಸಿದ ದಿನ ಇದರ ಕೊರಳು ಬರಿದಾಗಿತ್ತು ಅಂತ ಪ್ರಮಾಣ ಮಾಡಿದೀರಿ."

"ಮಾಡಿದೀನಿ. ಸೋಮವಾರಾನೂ ಮಾಡ್ತೀನಿ."

"ದುಗ್ಗಪ್ಪ ಇದ್ದಿದ್ರೆ ಎಂತ ಹೇಳ್ತಿದ್ದ?"

"ಸತ್ತವನ ಬಾಯಲ್ಲಿ ನಾನ್ಯಾಕೆ ಮಾತು ಹಾಕ್ಲಿ."

"ಹಾಗಾದ್ರೆ ಅವನು ಸತ್ತಿದ್ದು ನಿಮಗೆ ಅನುಕೂಲವೇ ಆಯ್ತು."

ವರದಮ್ಮನ ಕೈಯಲ್ಲಿದ್ದ ಕೊಡೆ ಸ್ವಲ್ಪ ವಾಲಿತು. ಮುಖಕ್ಕೆ ಬಿಸಿಲು ಬಿತ್ತು. "ನಾನು ಬಡ್ಡಿ ತಿನ್ನೋಳು ವಕೀಲ್ರೇ, ಹೆಣ ತಿನ್ನೋಳಲ್ಲ" ಎಂದರು ತಣ್ಣಗೆ.

ವಾಸಪ್ಪನವರು ವಾದ ಮಾಡಲಿಲ್ಲ. ತಮ್ಮ ಕಷ್ಟ ಹೇಳಿಕೊಳ್ಳುವವರಂತೆ ವಿಷಯ ಬಿಡಿಸಿಟ್ಟರು. ಕೊಂದದ್ದು ಆನೆಯಲ್ಲ ಎಂದು ತಮಗೆ ಅನ್ನಿಸುತ್ತಿದೆ. ಅನ್ನಿಸಿದರೆ ಸಾಲದು, ರೇಂಜರಿಗೆ ತೋರಿಸಲು ಒಂದು ಆಧಾರ ಬೇಕು. ಆ ಗಂಟೆ ಎಲ್ಲಿಂದ ಬಂತೆಂದು ಗೊತ್ತಾದರೆ ಕೊಂದವನು ಗೊತ್ತಾಗುತ್ತಾನೆ. ಗೊತ್ತಾಗದಿದ್ದರೆ, ನಾಳೆ ಇನ್ನೊಬ್ಬರ ಪ್ರಾಣ ಹೋದಾಗ ಕೋರ್ಟು ತಮ್ಮನ್ನೇ ಕೇಳುತ್ತದೆ. ಹಾಗಾಗಿ ಈಗ ಹೋಗಿ ಸಹಿ ಹಾಕುವುದೊಂದೇ ದಾರಿ.

"ಆನೆ ಇದ್ರೂ ಸಾವಿರ, ಸತ್ರೂ ಸಾವಿರ ಅಂತಾರೆ" ಎಂದರು ವರದಮ್ಮ. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ.

"ಗಾದೆ ಮಾಡಿದವ್ರು ಕೋರ್ಟು ನೋಡಿರ್ಲಿಲ್ಲ ತಾಯಿ. ಸತ್ತ ಮೇಲೆ ದಂತ ಯಾರ ಪಾಲು ಅಂತ ತೀರ್ಮಾನ ಆಗೋ ಹೊತ್ತಿಗೆ ನೀವೂ ಇರಲ್ಲ, ಸುಬ್ಬಪ್ಪನೂ ಇರಲ್ಲ. ಒತ್ತೆ ಬದುಕಿದ್ರೆ ಮೊದಲನೆಯವರು, ಎರಡನೆಯವರು ಅಂತ ಜಗಳ. ಒತ್ತೇನೇ ಸತ್ರೆ ನೀವಿಬ್ರೂ ಒಂದೇ ಸಾಲಲ್ಲಿ, ಬರಿಗೈಲಿ."

ಅಷ್ಟು ಹೇಳಿ ವಾಸಪ್ಪನವರು ಜೀಪಿನ ಬಳಿ ಹೋದರು. ಕಾಗದದ ಮೇಲಿನ ಕಲ್ಲು ತೆಗೆದರು. ಪೆನ್ನಿನ ಮುಚ್ಚಳ ತಿರುಗಿಸಿದರು. ಹೂವಮ್ಮ ಎರಡೂ ಕೈಯಿಂದ ಸೊಂಡಿಲು ತಬ್ಬಿಕೊಂಡಳು.  ವರದಮ್ಮ ಬಾಯಿ ಬಿಡದಿದ್ದರೆ ಏನು ಮಾಡಬೇಕೆಂದು ವಾಸಪ್ಪನವರಿಗೂ ಗೊತ್ತಿರಲಿಲ್ಲ.

"ನಿಲ್ಲಿ."

ವರದಮ್ಮ ಎದ್ದು ಬಂದಿದ್ದರು. ಕೊಡೆ ದಿಮ್ಮಿಯ ಹತ್ತಿರವೇ ಬಿದ್ದಿತ್ತು.

"ಗಂಟೆ ಇತ್ತು" ಎಂದರು. "ನಾನು ಬೆಲ್ಲದುಂಡೆ ಹಿಡ್ಕೊಂಡು ಇಲ್ಲೇ ನಿಂತಿದ್ದೆ. ಮಂಜುನಾಥಪ್ಪ ತಾನೇ ಹೋಗಿ ಬಿಚ್ಚಿದ. ಸುಬ್ಬಪ್ಪನ ಬಾಕಿ ತೀರ್ತು, ಇದನ್ನ ವಾಪಸ್ ಕೊಡ್ಬೇಕು ಅಂದ. ಸುಳ್ಳು ಅಂತ ನಂಗೆ ಅನ್ನಿಸ್ತು. ಬಡ್ಡಿ ಒಳ್ಳೇದಿತ್ತು, ಕೊಟ್ಟೆ."

ಈ ಒಂದು ಮಾತಿನಿಂದ ತಾನು ಸುಬ್ಬಪ್ಪನ ಹಿಂದಕ್ಕೆ ಹೋಗಿ ನಿಂತೆ ಎಂಬುದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆಡಿದ ಮಾತಾದ್ದರಿಂದ ವಾಸಪ್ಪನವರು ನಂಬಿದರು. ಅಷ್ಟೇ ಅಲ್ಲ, ಆ ಹೆಂಗಸಿನ ಮೇಲೆ ಅವರಿಗೆ ಗೌರವ ಬಂತು.

"ಬಿಚ್ಚಿದ ಗಂಟೆ ಎಂತ ಮಾಡಿದ?"

"ಜೀಪಿನ ಸೀಟಿನ ಕೆಳಗೆ ಹಾಕ್ದ. ಅಲ್ಲೇ ಇತ್ತು ಅದು. ಹಬ್ಬದ ಹಿಂದಿನ ದಿನ ಬಡ್ಡಿ ಕೊಡೋಕೆ ಅಂತ ನಮ್ಮನೆ ಅಂಗಳಕ್ಕೆ ಬಂದಾಗ, ಜೀಪು ತಿರುಗ್ಸುವಾಗ ಟಕ್ ಟಕ್ ಅಂತ ಉರುಳಾಡ್ತಿತ್ತು. ಆ ಸದ್ದು ಬೇರೆ ಯಾವ ಗಂಟೆಗೂ ಇಲ್ಲ. ಅಲ್ಲಿಂದ ಹೊರಟವನು..." ವರದಮ್ಮ ಅರ್ಧಕ್ಕೇ ನಿಲ್ಲಿಸಿದರು. ಬಾಯಿಂದ ಬಂದದ್ದು ಅವರ ಕಿವಿಗೇ ಈಗ ಬಿದ್ದಂತಿತ್ತು. "ಅಲ್ಲಿಂದ ಹೊರಟವನು ಆ ಸಂಜೆಯೇ ನೀರಿಗೆ ಬಿದ್ದ."

 ರಾಮಭದ್ರ ತಲೆ ತೂಗಿದ. ಗಂಟೆ ಟಕ್ ಟಕ್ ಎಂದಿತು.

ಜೀಪಿನ ಜೊತೆಗೆ ನೀರಿನ ತಳ ಸೇರಿರಬೇಕಾಗಿದ್ದ ಗಂಟೆ. ಅದಕ್ಕೆ ಕೆಸರಿಲ್ಲ, ಕಿಲುಬಿಲ್ಲ. ವಾಸಪ್ಪನವರು ನಿಧಾನವಾಗಿ ಪೆನ್ನಿನ ಮುಚ್ಚಳ ಹಾಕಿದರು. ಒಂದೇ ಆನೆಯನ್ನು ಇಬ್ಬರಿಗೆ ಒತ್ತೆಯಿಟ್ಟರೆ ಮೋಸ, ಜೈಲು. ಸತ್ತವನನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಸತ್ತವನು ಸತ್ತೇ ಇರಬೇಕಾದರೆ, ಅವನನ್ನು ಗುರುತಿಸುವವರು ಬಾಯಿ ಮುಚ್ಚಬೇಕು, ಮಾವುತನಾಗಲಿ ಆನೆಯಾಗಲಿ.

"ಹೂವಮ್ಮ," ಎಂದರು, "ಇದ್ದವರಲ್ಲಿ ನೀನೊಬ್ಳೇ ಅಂದೆ. ಸತ್ತವರನ್ನೂ ಸೇರ್ಸಿ ಹೇಳು. ಇವ್ನ ಗಂಟಲ ಕೆಳಗೆ ಯಾರ್ಯಾರು ನಿಲ್ತಿದ್ರು?"

"ನಮ್ಮನೆಯವ್ರು. ನಾನು." ಅವಳು ನೀರಿನ ಕಡೆ ನೋಡಿದಳು. "ಧಣಿ. ಮರಿಯಿದ್ದಾಗಿಂದ ಬೆಲ್ಲ ಕೊಟ್ಟು ಸಾಕಿದ್ದು ಅವ್ರೇ ಅಲ್ದಾ."

ರೇಂಜರ್ ಸಾಹೇಬರು ಬಾನೆಟ್ಟಿನ ಮೇಲಿನ ಕಾಗದವನ್ನು ತಾವಾಗಿಯೇ ಮಡಿಸಿ ಜೇಬಿಗೆ ಹಾಕಿಕೊಂಡರು. ಆನೆಗೆ ಗುಂಡು ಹಾಕುವ ಮಾತು ಅಲ್ಲಿಗೆ ಮುಗಿಯಿತು ಎಂದು ವಾಸಪ್ಪನವರಿಗೆ ಎದೆ ಹಗುರಾಯಿತು.

ಆ ಹೊತ್ತಿಗೆ ಗಾಳಿ ತಿರುಗಿತು. ನೀರಿನ ಕಡೆಯಿಂದ, ಅಂಚಿನ ಪೊದೆಗಳನ್ನು ಹಾದು ಬಂತು. ರಾಮಭದ್ರನ ಕಿವಿಗಳು ನಿಂತವು. ಸೊಂಡಿಲು ಮೇಲೇರಿ ಆ ಕಡೆಗೆ ಬಾಗಿತು. ಹೊಟ್ಟೆಯ ಆಳದಿಂದ ಗುರುಗುರು ಎಂಬ ಸದ್ದು ಹೊರಟಿತು; ಅದು ಸಿಟ್ಟಿನ ಸದ್ದಲ್ಲ. ಆಮೇಲೆ ಆನೆ ಎಡ ಮುಂಗಾಲನ್ನು ಮಡಿಸಿ, ಯಾರೋ ಕಾಲಿಟ್ಟು ಹೆಗಲೇರಲಿ ಎಂಬಂತೆ ಮುಂದಕ್ಕೆ ಚಾಚಿ, ಕಾಯುತ್ತ ನಿಂತಿತು.

ಹೂವಮ್ಮ ಸೊಂಡಿಲ ಬಳಿಯಿಂದ ಎರಡು ಹೆಜ್ಜೆ ಬಲಕ್ಕೆ ಸರಿದಳು. 

"ಧಣಿ ಬಂದ್ರೆ ಮಾತ್ರ ಅಯ್ಯಾ, ಇವ್ನು ಹೀಗೆ ಕಾಲು ಕೊಡೋದು."

ಶಂಭುವಿನ ಅವಸರ ಯಾರಿಗಾಗಿ ಎಂದು ಹೊಳೆದು ವಾಸಪ್ಪನವರು ಗರಕ್ಕನೆ ಅವನತ್ತ ತಿರುಗಿದರು. ಶಂಭು ನಿಂತಿದ್ದ ಜಾಗದಲ್ಲಿ ಯಾರೂ ಇರಲಿಲ್ಲ. ಜೀಪಿನ ಹಿಂಭಾಗ ನೋಡಿದರು. ಬಂದೂಕು ಇರಲಿಲ್ಲ.

ನೀರಿನಂಚಿನ ಪೊದೆಯಲ್ಲಿ ಎಲೆ ಅಲುಗಿತು. ಎಲೆಗಳ ನಡುವೆ ಬಂದೂಕಿನ ಕೊಳವೆಯ ಮೊನೆ ಬಿಸಿಲಿಗೆ ಒಮ್ಮೆ ಮಿನುಗಿತು. ಅದು ಆನೆಯ ಕಡೆಗೆ ಇತ್ತು. ನಂತರ ಮೆಲ್ಲನೆ ಬಲಕ್ಕೆ ಹೊರಳಿ, ಹೂವಮ್ಮ ನಿಂತಿದ್ದಲ್ಲಿಗೆ ಬಂದು ನಿಂತಿತು.